ಧಾರಾವಿಯ ಕುಂಭಾರವಾಡ: ಶಾಲಾ ಸೇವಾ ಸಂಘಕ್ಕೆ ಹಣತೆ ಕೊಳ್ಳಲು ಹೇಗಿದೆ?

ಮುಂಬಯಿಯ ಶಾಲೆಗಳ ಸೇವಾ ಸಂಘಗಳು ಜೂನ್ ಮಧ್ಯದಲ್ಲಿ ಶಾಲೆ ತೆರೆದ ಕೂಡಲೇ ವರ್ಷದ ಕಾರ್ಯಕ್ರಮಪಟ್ಟಿ ಬರೆಯುತ್ತವೆ. ಜುಲೈಯಲ್ಲಿ ರದ್ದಿ ಸಂಗ್ರಹ, ಆಗಸ್ಟಿನಲ್ಲಿ ರಾಖಿ, ಅಕ್ಟೋಬರ್ 2ರಿಂದ 8ರ ತನಕ ದಾನ್ ಉತ್ಸವ, ಡಿಸೆಂಬರಿನಲ್ಲಿ ಫನ್ ಫೇರ್, ಜನವರಿಯ ಮೂರನೇ ಭಾನುವಾರ ಮ್ಯಾರಥಾನ್ ಓಡುವವರಿಗೆ ರಸ್ತೆ ಬದಿಯಿಂದ ಚಪ್ಪಾಳೆ. ಪಟ್ಟಿ ಉದ್ದವಿದ್ದಷ್ಟೂ ಮುಖ್ಯೋಪಾಧ್ಯಾಯರಿಗೆ ಸಮಾಧಾನ. ಮಾರ್ಚಿನಲ್ಲಿ ಲೆಕ್ಕಪುಸ್ತಕ ತೆರೆದಾಗ ನಾಲ್ಕು ಕಾಸು ತಂದಿರುವುದು ಮಾತ್ರ ಬಹುಮಟ್ಟಿಗೆ ಒಂದೇ ಬಾಬ್ತು: ದೀಪಾವಳಿಯ ಹಣತೆ ಮಾರಾಟ. ರಾಖಿಯನ್ನು ಕೊಳ್ಳುವವರು ಅದನ್ನು ಮಾಡಿದ ಮಗುವಿನ ಮನೆಯವರೇ. ರದ್ದಿಯ ದರ ನಮ್ಮ ಕೈಯಲ್ಲಿಲ್ಲ. ಹಣತೆಯಾದರೆ ಎಲ್ಲ ಮನೆಗೂ ಬೇಕು, ಹೋದ ವರ್ಷದ್ದು ಎಣ್ಣೆ ಕುಡಿದು ಕಪ್ಪಾಗಿರುತ್ತದೆ, ಮತ್ತು ಎರಡು ಡಜನ್ ಕೊಳ್ಳುವವರು ಚೌಕಾಸಿ ಮಾಡುವುದು ಕಡಿಮೆ.

ಆ ಹಣತೆಯನ್ನು ಸಗಟಿನಲ್ಲಿ ಕೊಳ್ಳಲು ಮುಂಬಯಿಯಲ್ಲಿ ಧಾರಾವಿಯ ಕುಂಭಾರವಾಡಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಸುಲಭದ ಜಾಗವೆಂದು ಹೇಳುವಂತಿಲ್ಲ. ಯಾವಾಗ ಹೋಗಬೇಕು, ಏನು ನೋಡಬೇಕು ಎಂಬುದು ಗೊತ್ತಿಲ್ಲದೆ ಹೋದ ಸಂಘ ಲಾಭದ ಅರ್ಧವನ್ನು ಒಡೆದ ಚೂರುಗಳಲ್ಲಿ ಕಳೆದುಕೊಳ್ಳುತ್ತದೆ.

ಮೊದಲು ದಾರಿ. ಸಿ.ಪಿ. ಟ್ಯಾಂಕ್ ಕಡೆಯೂ ಕುಂಭಾರವಾಡ ಎಂಬ ಹೆಸರಿನ ಪ್ರದೇಶವಿದೆ. ಬರೇ ಕುಂಭಾರವಾಡ ಎಂದರೆ ಟ್ಯಾಕ್ಸಿ ಅಲ್ಲಿಗೆ ಹೋದೀತು. ‘ಧಾರಾವಿ, ನೈಂಟಿ ಫೀಟ್ ರೋಡ್’ ಎಂದೇ ಹೇಳಬೇಕು. ಮಧ್ಯ ರೈಲ್ವೆಯವರಿಗೆ ಸಯನ್, ಪಶ್ಚಿಮದವರಿಗೆ ಮಾಹಿಮ್ ಹತ್ತಿರ. ಇಲ್ಲಿಯ ಕುಂಬಾರರು ಮೂಲತಃ ಗುಜರಾತಿನ ಸೌರಾಷ್ಟ್ರದವರು, ತಲೆಮಾರುಗಳಿಂದ ಧಾರಾವಿಯಲ್ಲಿ ನೆಲೆ ನಿಂತವರು. ಗುಜರಾತಿ ಬಂದರೆ ವ್ಯವಹಾರ ಬೇಗ ಮುಗಿಯುತ್ತದೆ, ಹಿಂದಿ ಧಾರಾಳ ಸಾಕು. ಮುಖ್ಯ ರಸ್ತೆಯಲ್ಲಿ ಸಾಲಾಗಿ ಅಂಗಡಿಗಳಿವೆ, ಅವುಗಳ ಹಿಂದೆ ಗಲ್ಲಿಗಳು. ಮನೆ, ಕೆಲಸದ ಜಾಗ, ಗೋದಾಮು ಎಲ್ಲ ಒಂದೇ ಸೂರಿನಡಿ. ಮನೆಗಳ ನಡುವಿನ ಅಂಗಳದಲ್ಲಿ ಭಟ್ಟಿ. ಹತ್ತಿಯ ತ್ಯಾಜ್ಯ, ಬಟ್ಟೆ ಚೂರು ಉರಿಸಿ ಸುಡುತ್ತಾರೆ. ಭಟ್ಟಿ ಹೊತ್ತಿದ ದಿನ ಹೊಗೆ ದಟ್ಟವಾಗಿರುತ್ತದೆ. ಉಬ್ಬಸ ಇರುವವರನ್ನು ಕರೆದೊಯ್ಯಬೇಡಿ. ಪುಟ್ಟ ಮಕ್ಕಳ ಗುಂಪು ಕಟ್ಟಿಕೊಂಡು ಹೋಗುವುದೂ ಬೇಡ: ಗಲ್ಲಿ ಕಿರಿದು, ಕಾಲಡಿಯಲ್ಲೆಲ್ಲ ಒಣಗಲು ಇಟ್ಟ ಹಸಿ ಮಾಲು. ಇಬ್ಬರು ಶಿಕ್ಷಕರು, ನಾಲ್ವರು ದೊಡ್ಡ ವಿದ್ಯಾರ್ಥಿಗಳು ಸಾಕು.

ರಸ್ತೆ ಬದಿಯ ಅಂಗಡಿಯಲ್ಲಿ ಬಣ್ಣ ಹಚ್ಚಿ ಕನ್ನಡಿ ಅಂಟಿಸಿದ ತಯಾರಿ ಮಾಲು ಕಣ್ಣಿಗೆ ಹೊಡೆಯುತ್ತದೆ. ಸೇವಾ ಸಂಘಕ್ಕೆ ಅದು ಬೇಡ. ಬಣ್ಣ ಹಚ್ಚುವ ಕೆಲಸವೇ ಸಂಘದ ದುಡಿಮೆ. ಅದನ್ನೂ ಹಣ ಕೊಟ್ಟು ತಂದರೆ ಉಳಿಯುವುದು ಏನೂ ಇಲ್ಲ. ಬೇಕಿರುವುದು ಬಣ್ಣವಿಲ್ಲದ ಸಾದಾ ಹಣತೆ, ಅದೂ ನೂರರ ಲೆಕ್ಕದಲ್ಲಿ. ಅದಕ್ಕೆ ಗಲ್ಲಿಯ ಒಳಗೆ ನಡೆಯಬೇಕು.

ಸಾದಾ ಹಣತೆಯಲ್ಲಿ ಎರಡು ಜಾತಿ. ಚಕ್ರದ ಮೇಲೆ ತಿರುಗಿಸಿ ಬೆರಳಲ್ಲಿ ಮೂತಿ ಒತ್ತಿದ್ದು ಒಂದು, ಅಚ್ಚಿನಲ್ಲಿ ಒತ್ತಿ ತೆಗೆದದ್ದು ಇನ್ನೊಂದು. ಚಕ್ರದ ಹಣತೆ ಹಗುರ, ಅಗ್ಗ, ನೋಡಲು ಚಂದ. ಆದರೆ ಒಂದರಂತೆ ಇನ್ನೊಂದು ಇರುವುದಿಲ್ಲ. ಆರರ ಪೆಟ್ಟಿಗೆಯಲ್ಲಿ ನಾಲ್ಕು ಕೂರುತ್ತವೆ, ಎರಡು ಕೂರುವುದಿಲ್ಲ. ಅಚ್ಚಿನದು ಭಾರ, ದರವೂ ಸ್ವಲ್ಪ ಹೆಚ್ಚು, ಅಳತೆ ಮಾತ್ರ ಒಂದೇ. ಪೆಟ್ಟಿಗೆಯಲ್ಲಿ ಮಾರುವುದಾದರೆ ಅಚ್ಚಿನದನ್ನೇ ಕೊಳ್ಳಿ, ಬಿಡಿಯಾಗಿ ಡಜನ್ ಲೆಕ್ಕದಲ್ಲಿ ಮಾರುವುದಾದರೆ ಚಕ್ರದ್ದು. ಎರಡನ್ನೂ ಬೆರೆಸಿ ತಂದ ಸಂಘಗಳು ಪ್ಯಾಕಿಂಗ್ ದಿನ ಅಳುತ್ತವೆ. ಎರಡೂವರೆ ಇಂಚಿನ ಅಗಲ ಎಲ್ಲಕ್ಕೂ ಹೊಂದುತ್ತದೆ. ಎರಡು ಇಂಚಿನದಕ್ಕೆ ಎಣ್ಣೆ ಬೇಗ ತೀರುತ್ತದೆ, ನಾಲ್ಕು ಇಂಚಿನದನ್ನು ಮನೆಗೊಂದಕ್ಕಿಂತ ಹೆಚ್ಚು ಯಾರೂ ಕೊಳ್ಳುವುದಿಲ್ಲ.

ಮಾಲು ಪರೀಕ್ಷಿಸಲು ಒಂದು ಟೈಲ್ಸ್ ತುಂಡು ಮತ್ತು ಸಣ್ಣ ಬಾಟಲಿ ನೀರು ಜೊತೆಗಿರಲಿ. ರಾಶಿಯ ಮೇಲಿನದನ್ನಲ್ಲ, ಕೈ ಹಾಕಿ ಕೆಳಗಿನಿಂದ ಇಪ್ಪತ್ತು ತೆಗೆಯಿರಿ. ಟೈಲ್ಸ್ ಮೇಲಿಟ್ಟು ಬೆರಳಿಂದ ತಟ್ಟಿ. ತೊಟ್ಟಿಲಂತೆ ತೂಗಿದರೆ ತಳ ಸಮವಿಲ್ಲ, ಎಣ್ಣೆ ಚೆಲ್ಲುತ್ತದೆ. ಉಗುರಿನಿಂದ ಬಾರಿಸಿದರೆ ಚೆನ್ನಾಗಿ ಬೆಂದದ್ದು ಠಣ್ ಎನ್ನುತ್ತದೆ, ಅರೆಬೆಂದದ್ದು ಅಥವಾ ಕೂದಲೆಳೆ ಬಿರುಕಿರುವುದು ಮಂಕಾಗಿ ಸದ್ದು ಮಾಡುತ್ತದೆ. ಒಳಗೆ ನೀರು ಹಾಕಿ ಐದು ನಿಮಿಷ ಬಿಡಿ. ಹೊರಮೈ ಸ್ವಲ್ಪ ತೇವಗೊಳ್ಳುವುದು ಸಹಜ, ತಳದಲ್ಲಿ ಹನಿ ಕಟ್ಟಿದರೆ ಆ ರಾಶಿ ಬೇಡ. ನೀರು ತಾಗಿದಲ್ಲಿ ಮಣ್ಣು ಕೈಗೆ ಹತ್ತಿದರೆ ಸರಿಯಾಗಿ ಸುಟ್ಟಿಲ್ಲ ಎಂದೇ ಅರ್ಥ. ಇಪ್ಪತ್ತರಲ್ಲಿ ಮೂರಕ್ಕಿಂತ ಹೆಚ್ಚು ಕೆಟ್ಟವು ಬಂದರೆ ಮುಂದಿನ ಮನೆಗೆ ನಡೆಯಿರಿ. ಕುಂಬಾರರು ಈ ಪರೀಕ್ಷೆಗೆ ಬೇಸರಪಡುವುದಿಲ್ಲ. ನೋಡಿ ಕೊಳ್ಳುವವರೆಂದು ಗೊತ್ತಾದರೆ ಒಳಗಿನ ಒಳ್ಳೆಯ ರಾಶಿಯನ್ನೇ ತೋರಿಸುತ್ತಾರೆ.

ಒಮ್ಮೆ ಹೊತ್ತುಕೊಂಡು ಹೋದ ಮಾಲನ್ನು ಒಡೆದಿದೆ ಎಂದು ವಾಪಸು ತರುವ ಪದ್ಧತಿ ಇಲ್ಲಿಲ್ಲ. ಹಾಗಾಗಿ ಚೌಕಾಸಿಯನ್ನು ದರದ ಮೇಲಲ್ಲ, ಎಣಿಕೆಯ ಮೇಲೆ ಮಾಡುವುದು ಜಾಣತನ. ನೂರಕ್ಕೆ ಹತ್ತು ರೂಪಾಯಿ ಇಳಿಸಿ ಎನ್ನುವುದಕ್ಕಿಂತ ‘ನೂರಕ್ಕೆ ಐದು ಮೇಲೆ ಹಾಕಿ’ ಎಂದರೆ ಬೇಗ ಒಪ್ಪುತ್ತಾರೆ, ನಿಮಗೂ ಒಡಕಿನ ಭಾಗ ಭರ್ತಿಯಾಗುತ್ತದೆ. ಸಾವಿರ ಮಾರುವ ಯೋಜನೆಯಿದ್ದರೆ ಸಾವಿರದ ನೂರು ಕೈಗೆ ಬರಬೇಕು. ಸಾಗಣೆಯಲ್ಲಿ ಒಡೆಯುವುದಕ್ಕಿಂತ ಬಣ್ಣ ಹಚ್ಚುವ ಮೇಜಿನ ಮೇಲೆ ಮೂತಿ ಚಕ್ಕೆ ಏಳುವುದೇ ಜಾಸ್ತಿ.

ಇನ್ನು ಬಿಲ್ಲು. ಮಣ್ಣಿನ ಹಣತೆಗೆ ಜಿಎಸ್‌ಟಿ ಇಲ್ಲ, ಮನೆಯಲ್ಲೇ ಮಾರುವ ಕುಂಬಾರರ ಹತ್ತಿರ ಮುದ್ರಿತ ಬಿಲ್ ಪುಸ್ತಕವೂ ಇರುವುದಿಲ್ಲ. ಶಾಲೆಯ ಆಡಿಟರ್ ಮಾತ್ರ ಕೇಳದೆ ಬಿಡುವುದಿಲ್ಲ. ಶಾಲೆಯ ವೋಚರ್ ಪ್ಯಾಡ್ ತೆಗೆದುಕೊಂಡು ಹೋಗಿ, ಎಣಿಕೆ, ದರ, ಮೊತ್ತ ಬರೆದು ಸಹಿ ಹಾಕಿಸಿ, ಹಣವನ್ನು ಯುಪಿಐಯಲ್ಲಿ ಕೊಡಿ. ವೋಚರಿನ ಮೊತ್ತ ಮತ್ತು ಬ್ಯಾಂಕಿನ ನಮೂದು ತಾಳೆಯಾದರೆ ಅಲ್ಲಿಗೆ ಮುಗಿಯಿತು.

ಹೋಗುವ ಕಾಲ ಯಾವುದು? ಈ ಪ್ರಶ್ನೆಯಲ್ಲೇ ಹೆಚ್ಚಿನ ಸಂಘಗಳು ಎಡವುವುದು. ಮಳೆಗಾಲದಲ್ಲಿ ಹಸಿ ಹಣತೆ ಒಣಗುವುದು ನಿಧಾನ, ಅರೆ ಒಣಗಿದ್ದನ್ನು ಸುಟ್ಟರೆ ಬಿರುಕು. ನವರಾತ್ರಿ ಹತ್ತಿರವಾದರೆ ಗರ್ಬಾದ ತೂತುಮಡಕೆಗೆ ಬೇಡಿಕೆ ಏರುತ್ತದೆ. ದಸರೆ ದಾಟಿತೆಂದರೆ ಮುಂಬಯಿಯ ಚಿಲ್ಲರೆ ವ್ಯಾಪಾರಿಗಳೆಲ್ಲ ಇಲ್ಲಿಗೇ ಬರುತ್ತಾರೆ. ದರ ಏರುತ್ತದೆ, ಆರಿಸಿ ತೆಗೆಯಲು ಬಿಡುವುದಿಲ್ಲ. ನಡುವೆ ಸಿಗುವ ಸಂದು ಎಂದರೆ ಪಿತೃಪಕ್ಷ. ಗಣಪತಿ ಹೋಗಿರುತ್ತಾನೆ, ಶುಭಕಾರ್ಯದ ಖರೀದಿಯನ್ನು ಜನ ಮುಂದೂಡಿರುತ್ತಾರೆ, ಕುಂಬಾರರಿಗೂ ನಗದು ಬೇಕಿರುತ್ತದೆ. 2026ರಲ್ಲಿ ಅನಂತ ಚತುರ್ದಶಿ ಸೆಪ್ಟೆಂಬರ್ 25ಕ್ಕೆ, ನವರಾತ್ರಿ ಆರಂಭ ಅಕ್ಟೋಬರ್ 11ಕ್ಕೆ, ಲಕ್ಷ್ಮೀಪೂಜೆ ನವೆಂಬರ್ 8ಕ್ಕೆ. ಅಂದರೆ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಮಾಲು ಶಾಲೆಗೆ ಬಂದಿರಬೇಕು. ಗಾಂಧಿ ಜಯಂತಿ ಶುಕ್ರವಾರ ಬೀಳುತ್ತದೆ. ಆ ಮೂರು ದಿನ ಬಣ್ಣಕ್ಕೆ. ಅದು ದಾನ್ ಉತ್ಸವದ ವಾರವೂ ಆದ್ದರಿಂದ ಪಟ್ಟಿಯಲ್ಲಿ ಎರಡು ಸಾಲು ಒಂದೇ ಕೆಲಸಕ್ಕೆ ತುಂಬುತ್ತದೆ. ಮಧ್ಯೆ ಮೊದಲ ಅವಧಿಯ ಪರೀಕ್ಷೆಗೆ ಜಾಗ ಬಿಟ್ಟು, ದೀಪಾವಳಿ ರಜೆಗೆ ಮಕ್ಕಳು ಊರಿಗೆ ಹೊರಡುವ ಮೊದಲೇ ಮಾರಿ ಮುಗಿಸಬೇಕು. ಹತ್ತನೆಯವರಿಗೆ ಖರೀದಿ, ಲೆಕ್ಕ ಕೊಡಿ. ದೀಪಾವಳಿಯ ನಂತರದ ಯಾವ ಜವಾಬ್ದಾರಿಯೂ ಅವರ ಹೆಗಲಿಗೆ ಬೇಡ, ಬೋರ್ಡ್ ಪರೀಕ್ಷೆ ಎದುರಿಗಿರುತ್ತದೆ.

ಸಾಗಣೆಗೆ ಲೋಕಲ್ ರೈಲು ನೆಚ್ಚಬೇಡಿ. ನೂರು ಹಣತೆ ಎರಡೂವರೆ, ಮೂರು ಕಿಲೋ ತೂಗುತ್ತದೆ, ಅಚ್ಚಿನದಾದರೆ ಇನ್ನೂ ಹೆಚ್ಚು. ಸಾವಿರದ ನೂರು ಎಂದರೆ ಮೂವತ್ತು ಕಿಲೋ ದಾಟಿತು. ಲಗೇಜ್ ಡಬ್ಬಿಯಲ್ಲಿ ತರಬಹುದು, ಆದರೆ ದಾದರಿನಲ್ಲಿ ಒಂದು ನೂಕು ಸಾಕು. ಸಣ್ಣ ಟೆಂಪೊ ಮಾಡಿ. ಅದು ಗಲ್ಲಿಯೊಳಗೆ ಬರುವುದಿಲ್ಲ, ಮುಖ್ಯ ರಸ್ತೆಯ ತನಕ ಹೊರಲು ಹಮಾಲರ ಕೂಲಿ ಬೇರೆ. ಗೋಣಿಯಲ್ಲಿ ತುಂಬಿ ಕೊಡುತ್ತೇವೆ ಎಂದರೆ ಬೇಡ ಎನ್ನಿ; ಗೋಣಿಯನ್ನು ನೆಲಕ್ಕೆ ಕುಕ್ಕಿದರೆ ತಳದ ಸಾಲು ಪುಡಿ. ಹಾಲಿನ ಪ್ಲಾಸ್ಟಿಕ್ ಕ್ರೇಟ್ ತಂದು, ಹಳೆಯ ಪೇಪರ್ ಹಾಸಿ, ಹತ್ತು ಹತ್ತನ್ನು ಒಂದರೊಳಗೊಂದು ಕೂರಿಸಿ ಮಗ್ಗುಲಾಗಿ ಮಲಗಿಸಿದರೆ ಒಡಕು ಬಹಳ ಇಳಿಯುತ್ತದೆ.

ಶಾಲೆಗೆ ಬಂದ ಮೇಲೆ ಎಲ್ಲವನ್ನೂ ಎರಡು ಮೂರು ಗಂಟೆ ನೀರಲ್ಲಿ ಮುಳುಗಿಸಿ. ಬೂದಿ, ದೂಳು ಹೋಗುತ್ತದೆ, ಅಡಗಿದ ಬಿರುಕು ಎದ್ದು ಕಾಣುತ್ತದೆ. ತೆಗೆದು ಬೋರಲು ಹಾಕಿ ಎರಡು ದಿನ ಒಣಗಿಸಿ. ಒಂದೇ ದಿನ ಒಣಗಿಸಿ ಬಣ್ಣ ಹಚ್ಚಿದರೆ ಒಳಗಿನ ತೇವ ಹೊರಬರುವಾಗ ಬಣ್ಣದ ಸಿಪ್ಪೆ ಏಳುತ್ತದೆ. ಒಣಗಿದ ಮೇಲೆ ಕೆಲವದರ ಮೇಲೆ ಬಿಳಿ ಪುಡಿ ಕಂಡರೆ ಅದು ಮಣ್ಣಿನ ಉಪ್ಪು. ಒಣಬಟ್ಟೆಯಲ್ಲಿ ಒರೆಸಿ, ಇನ್ನೊಮ್ಮೆ ತೊಳೆದು ಒಣಗಿಸದೆ ಬಣ್ಣ ಮುಟ್ಟಿಸಬೇಡಿ.

ಬಣ್ಣ ಅಕ್ರಿಲಿಕ್ಕೇ ಆಗಬೇಕು. ಪೋಸ್ಟರ್ ಕಲರ್ ಅಗ್ಗವೇನೋ ಹೌದು, ಒದ್ದೆ ಕೈ ತಾಗಿದರೆ ಸಾಕು ಹರಡುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ: ಹಣತೆ ಎಣ್ಣೆ ಕುಡಿಯದಿರಬೇಕಾದರೆ ಕೊಂಡವರು ಹಚ್ಚುವ ಮುನ್ನ ಅದನ್ನು ನೀರಲ್ಲಿ ನೆನೆಸಬೇಕು. ಮಣ್ಣಿನ ರಂಧ್ರದಲ್ಲಿ ನೀರು ತುಂಬಿದ್ದರಷ್ಟೆ ಎಣ್ಣೆ ಒಳಗೆ ಇಳಿಯುವುದಿಲ್ಲ. ಶಾಲೆಯಲ್ಲಿ ವಾರಗಳ ಹಿಂದೆ ನೆನೆಸಿದ್ದು ಅಷ್ಟರಲ್ಲಿ ಆರಿಹೋಗಿರುತ್ತದೆ. ಪೋಸ್ಟರ್ ಕಲರ್ ಹಚ್ಚಿದ ಹಣತೆಯನ್ನು ನೆನೆಸಿದರೆ ಬಣ್ಣವೆಲ್ಲ ಬಕೆಟ್ಟಿನ ನೀರಿಗೆ ಹೋಗುತ್ತದೆ. ಫೆವಿಕಾಲಿನಲ್ಲಿ ಅಂಟಿಸಿದ ಕನ್ನಡಿ, ಮಣಿಗಳ ಗತಿಯೂ ಅಷ್ಟೇ. ಪೆಟ್ಟಿಗೆಯ ಚೀಟಿಯಲ್ಲಿ ‘ಹಚ್ಚುವ ಮೊದಲು ಎರಡು ಗಂಟೆ ನೀರಲ್ಲಿಟ್ಟು ಒರೆಸಿ’ ಎಂದು ಮುದ್ರಿಸಿ. ಕನ್ನಡಿಯದ್ದಾದರೆ ‘ಒಳಗೆ ಮಾತ್ರ ನೀರು ತುಂಬಿಡಿ’ ಎಂದು.

ಒಳಬದಿಗೂ ಮೂತಿಯ ಸುತ್ತ ಒಂದು ಸೆಂಟಿಮೀಟರ್ ಜಾಗಕ್ಕೂ ಏನೂ ಹಚ್ಚಬೇಡಿ, ಬತ್ತಿಯ ಬಿಸಿಗೆ ಬಣ್ಣ ಕರಟಿ ವಾಸನೆ ಬರುತ್ತದೆ. 100 ಮಿಲಿಯ ಶೀಶೆಯೊಂದರಲ್ಲಿ ಅರವತ್ತು ಎಪ್ಪತ್ತು ಹಣತೆಗೆ ಒಂದು ಕೋಟ್ ಆದೀತು. ಹಾಗೆ ನೋಡಿದರೆ ಪೂರ್ತಿ ಬಣ್ಣ ಬಳಿಯುವ ಅಗತ್ಯವೇ ಇಲ್ಲ. ಮಣ್ಣಿನ ಬಣ್ಣವನ್ನೇ ಬಿಟ್ಟು ಬಿಳಿಯಲ್ಲಿ ಹಸೆಯ ಗೆರೆ, ಚುಕ್ಕಿ ಇಟ್ಟದ್ದು ಮಿನುಗುಪುಡಿ ಸುರಿದದ್ದಕ್ಕಿಂತ ಚಂದ. ಖರ್ಚೂ ಕಡಿಮೆ, ಸಮಯವೂ. ಗುಲಾಬಿ, ನೇರಳೆ ಮಿಂಚಿನ ಹಣತೆ ಎಲ್ಲ ಫುಟ್‌ಪಾತಿನಲ್ಲೂ ಸಿಗುತ್ತದೆ, ಅದಕ್ಕೆ ನಿಮ್ಮ ಮಕ್ಕಳು ಯಾಕೆ? ಒಂದು ಮಗು ಗಂಟೆಗೆ ಹನ್ನೆರಡರಿಂದ ಹದಿನೈದು ಮಾಡುತ್ತದೆ ಎಂದು ಹಿಡಿದರೆ, ನಲವತ್ತು ಮಕ್ಕಳ ಎರಡು ಗಂಟೆಯಲ್ಲಿ ಸಾವಿರ ಮುಗಿಯುತ್ತದೆ.

ಮೇಣ ತುಂಬಿ ಮಾರುವ ಆಸೆ ಕೆಲವರಿಗೆ. ಪ್ಯಾರಾಫಿನ್ ಮೇಣ 55–60 ಡಿಗ್ರಿಯಲ್ಲಿ ಕರಗುತ್ತದೆ. ನೇರ ಉರಿಯ ಮೇಲಲ್ಲ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ಹಣತೆ ಪೂರ್ತಿ ಒಣಗಿರಬೇಕು, ತೇವವಿದ್ದರೆ ಮೇಣ ಹಿಡಿಯುವುದಿಲ್ಲ, ಹಚ್ಚಿದಾಗ ಚಟಪಟ ಎನ್ನುತ್ತದೆ. ಆರುವಾಗ ನಡುವೆ ಗುಳಿ ಬೀಳುವುದರಿಂದ ಎರಡನೇ ಸಲ ಹೊಯ್ಯಬೇಕು. ಕಿಲೋ ಮೇಣಕ್ಕೆ ಐವತ್ತರ ಹತ್ತಿರ ಆಗುತ್ತದೆ. ಇದು ಶಿಕ್ಷಕರ ಕೆಲಸ, ಮಕ್ಕಳದ್ದಲ್ಲ. ಅದನ್ನು ಮಾಡಲು ಶಿಕ್ಷಕರಿಗೆ ಪುರುಸೊತ್ತಿಲ್ಲದಿದ್ದರೆ ಬಿಟ್ಟುಬಿಡಿ.

ಲೆಕ್ಕ ಹಾಕುವಾಗ ಎಲ್ಲರೂ ಹಣತೆಯ ದರವನ್ನೇ ನೋಡುತ್ತಾರೆ, ತಿನ್ನುವುದು ಪೆಟ್ಟಿಗೆ. ದರ ವರ್ಷ ವರ್ಷ ಬದಲಾಗುವುದರಿಂದ ಉದಾಹರಣೆಗೆ ಮಾತ್ರ ಹಿಡಿಯಿರಿ: ಹಣತೆಗೆ 3 ರೂಪಾಯಿಯಂತೆ ಆರಕ್ಕೆ 18, ಒಡಕಿನ ಬಾಬ್ತು 2, ಬಣ್ಣ 12, ಬತ್ತಿ ಮತ್ತು ಚೀಟಿ 4, ಪೆಟ್ಟಿಗೆ 14. ಒಟ್ಟು 50. ಇದನ್ನು 120ಕ್ಕೆ ಮಾರಿದರೆ 170 ಪೆಟ್ಟಿಗೆಯ ಬಂಡವಾಳ 8,500; 150 ಮಾರಿ ಇಪ್ಪತ್ತು ಉಳಿದರೂ ಕೈಗೆ 18,000 ಬಂದು 9,500 ಉಳಿಯುತ್ತದೆ. ಟೆಂಪೊ, ಹಮಾಲಿ ಇದರಲ್ಲೇ ಹೋಗಬೇಕು. ಅದೇ ಕಿಟಕಿಯಿರುವ ಆಲಂಕಾರಿಕ ಪೆಟ್ಟಿಗೆ 30 ರೂಪಾಯಿಯದ್ದಾದರೆ 2,720 ರೂಪಾಯಿ ಗಾಳಿಗೆ. ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ ಸಾದಾ ಕಾರುಗೇಟೆಡ್ ಪೆಟ್ಟಿಗೆ ನೋಡಿ, ಮುಚ್ಚಳದ ಮೇಲೆ ಮಕ್ಕಳೇ ಚಿತ್ರ ಬರೆಯಲಿ. ಥರ್ಮೋಕೋಲ್ ತಟ್ಟೆಯ ಪ್ಯಾಕಿಂಗ್ ಯೋಚನೆಯೇ ಬೇಡ. ಥರ್ಮೋಕೋಲ್ ತಟ್ಟೆ-ಲೋಟಗಳು ಮಹಾರಾಷ್ಟ್ರದಲ್ಲಿ 2018ರಿಂದ ನಿಷಿದ್ಧ.

ಮಾರುವ ಜಾಗದ ವಿಷಯದಲ್ಲಿ ಕನ್ನಡ ಶಾಲೆಗಳಿಗೆ ಒಂದು ಅನುಕೂಲವಿದೆ. 2026ರ ನವೆಂಬರ್ 1 ಭಾನುವಾರ. ಮಾಟುಂಗ, ವಡಾಲ, ಮುಲುಂಡ್, ಡೊಂಬಿವಲಿ ಸುತ್ತಿನ ಕನ್ನಡ ಸಂಘಗಳ ರಾಜ್ಯೋತ್ಸವದ ಸಭಾಗೃಹದ ಬಾಗಿಲಲ್ಲಿ ಒಂದು ಮೇಜು ಸಿಕ್ಕರೆ, ಲಕ್ಷ್ಮೀಪೂಜೆಗೆ ಸರಿಯಾಗಿ ವಾರ ಮುಂಚೆ, ಕೊಳ್ಳುವ ಮನಸ್ಸಿನ ಜನ ಎದುರಿಗಿರುತ್ತಾರೆ. ಸಂಘದ ಕಾರ್ಯದರ್ಶಿಗೆ ಶಾಲೆಯ ಲೆಟರ್‌ಹೆಡ್ಡಿನಲ್ಲಿ ಪತ್ರ ಸೆಪ್ಟೆಂಬರಿನಲ್ಲೇ ಹೋಗಬೇಕು. ಹೌಸಿಂಗ್ ಸೊಸೈಟಿಗಳಿಗೂ ಹಾಗೆಯೇ. ಅರ್ಧ ಮಾಲನ್ನಾದರೂ ವಾಟ್ಸಾಪಿನಲ್ಲಿ ಮುಂಗಡ ಬುಕಿಂಗ್ ಮಾಡಿಸಿಕೊಂಡೇ ಕುಂಭಾರವಾಡಕ್ಕೆ ಹೊರಡಿ.

ಕ್ಯೂಆರ್ ಕೋಡ್ ಶಾಲೆ ನಡೆಸುವ ಟ್ರಸ್ಟಿನ ಖಾತೆಯದ್ದೇ ಇರಲಿ, ಟೀಚರ್ ಮೊಬೈಲಿನದು ಖಂಡಿತ ಬೇಡ. ಹಣತೆಗೆ ಕೊಟ್ಟ 120 ರೂಪಾಯಿ ಮಾಲಿನ ಬೆಲೆ, ದಾನವಲ್ಲ. ಅದಕ್ಕೆ ತೆರಿಗೆ ವಿನಾಯಿತಿಯ ದೇಣಿಗೆ ರಶೀದಿ ಕೊಡುವಂತಿಲ್ಲ. ಮೇಲೆ ಯಾರಾದರೂ ದೇಣಿಗೆಯೆಂದೇ ಕೊಟ್ಟರೆ ಅದಕ್ಕೆ ಬೇರೆ ರಶೀದಿ ಪುಸ್ತಕ, ಮತ್ತು 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ತೆರಿಗೆ ವಿನಾಯಿತಿ ಇಲ್ಲವೆಂದು ಮೊದಲೇ ಹೇಳಿಬಿಡಿ. ದುಬೈಯಲ್ಲಿರುವ ಮಾವ ಭಾರತೀಯ ಪಾಸ್‌ಪೋರ್ಟಿನವರಾಗಿದ್ದು ಸ್ವಂತ ಸಂಪಾದನೆಯಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅಡ್ಡಿಯಿಲ್ಲ. ಅಮೆರಿಕದ ಪೌರತ್ವ ಪಡೆದ ಅತ್ತೆ ಕಳಿಸಿದ್ದು ವಿದೇಶಿ ದೇಣಿಗೆ. ಟ್ರಸ್ಟಿಗೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದಿದ್ದರೆ ಒಂದು ರೂಪಾಯಿಯನ್ನೂ ಮುಟ್ಟಬಾರದು. ಪೆಟ್ಟಿಗೆಯ ಜೊತೆ ಲಕ್ಕಿ ಡ್ರಾ ಕೂಪನ್ ಇಡೋಣ ಎಂಬ ಸಲಹೆ ಪ್ರತಿ ವರ್ಷ ಯಾರೋ ಒಬ್ಬರು ಕೊಡುತ್ತಾರೆ. ಸರ್ಕಾರದ ಅನುಮತಿಯಿಲ್ಲದ ಲಾಟರಿ ಅಪರಾಧ, ಸತ್ಕಾರ್ಯಕ್ಕಾದರೂ ಸರಿ.

ಹೋಲಿಕೆಗೆ ಬೇರೆ ಜಾಗಗಳನ್ನೂ ನೋಡುವುದಾದರೆ, ದಾದರಿನ ರಸ್ತೆಬದಿಯಲ್ಲಿ ಇನ್ನೂರು ಮುನ್ನೂರರ ಸಣ್ಣ ಖರೀದಿ ಆದೀತು. ದರ ಹೆಚ್ಚು, ಆದರೆ ಟೆಂಪೊ ಖರ್ಚು ಉಳಿಯುತ್ತದೆ. ಆನ್‌ಲೈನಿನ ಸಗಟು ಮಾಲನ್ನು ಟೈಲ್ಸ್ ಮೇಲಿಟ್ಟು ನೋಡುವ ಹಾಗಿಲ್ಲ. ಐನೂರಕ್ಕಿಂತ ಕಡಿಮೆ ಬೇಕಾದ ಸಂಘ ಕುಂಭಾರವಾಡದ ತನಕ ಹೋಗುವುದು ಲಾಭವಲ್ಲ. ಹತ್ತಿರದ ಎರಡು ಶಾಲೆಗಳು ಕೂಡಿ ಒಂದೇ ಟೆಂಪೊ ಮಾಡಿದರೆ ಬೇರೆ ಮಾತು. ಧಾರಾವಿಯ ಪುನರಭಿವೃದ್ಧಿ ನಡೆಯುತ್ತಿರುವುದರಿಂದ ಹೋದ ವರ್ಷ ಕೊಂಡ ಮನೆ ಈ ವರ್ಷವೂ ಅಲ್ಲೇ ಇರುತ್ತದೆಂದು ನಂಬಿ ಹೊರಡಬೇಡಿ, ಫೋನ್ ಮಾಡಿ ಕೇಳಿ.

ಮಾರದೆ ಉಳಿದ ಪೆಟ್ಟಿಗೆಗಳನ್ನು ಭಾಯಿ ದೂಜಿನ ನಂತರ ಅರ್ಧ ಬೆಲೆಗೆ ತಳ್ಳುವ ಬದಲು ಕಾರ್ತಿಕ ದೀಪೋತ್ಸವ ನಡೆಸುವ ದೇವಸ್ಥಾನಗಳಿಗೆ ಒಟ್ಟಿಗೆ ಕೊಡಬಹುದು. ಹುಣ್ಣಿಮೆಯ ತನಕ ಅಲ್ಲಿ ಹಣತೆ ಬೇಕೇ ಬೇಕು, ಬಣ್ಣ ಬೇಡ ಎನ್ನುವುದಿಲ್ಲ. ಬಣ್ಣ ಹಚ್ಚದ ಬಿಡಿ ಹಣತೆ ಉಳಿದಿದ್ದರೆ ಒಣ ಜಾಗದಲ್ಲಿ ಕ್ರೇಟಿನಲ್ಲೇ ಇಟ್ಟು ಮೇಲೆ ಎಣಿಕೆ ಬರೆದ ಚೀಟಿ ಅಂಟಿಸಿ, ಮುಂದಿನ ಸೆಪ್ಟೆಂಬರಿನ ಆರ್ಡರಿನಲ್ಲಿ ಅಷ್ಟನ್ನು ಕಳೆಯಿರಿ.